ಎರಡು ಮಾರು ಬಟ್ಟೆ

ನಮ್ಮ ಬ್ಯಾಂಕಿನ ಚಂದ್ರಮೌಳಿಯ ಹೊಟ್ಟೆಯುರಿಗೆ ಇಂಥದ್ದೇ ಕಾರಣ ಬೇಕೆಂದಿರಲಿಲ್ಲ. ಊರು ಬ್ಯಾಡಗಿ, ಕೆಲಸ ವಿಜಯವಾಡದ ಶಾಖೆಯಲ್ಲಿ. ಯಾರಾದರೂ ಗುಂಟೂರು ಮೆಣಸಿನಕಾಯಿಯನ್ನು ಹೊಗಳಿದರೆ ಅವನಿಗೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ. ಫ್ಯಾನಿನ ಕೆಳಗಿನ ಕುರ್ಚಿ ನನಗೆ ಸಿಕ್ಕಿತೆಂದು ಎಷ್ಟೋ ದಿನ ಮುಖ ಕೊಟ್ಟು ಮಾತಾಡಿರಲಿಲ್ಲ. ಮೈಸೂರಿನವನಾದ ನಾನು ಸಹಿಸಿಕೊಂಡೆ. ಶಾಖೆಯಲ್ಲಿ ಕನ್ನಡ ಮಾತಾಡಲು ಇನ್ನೊಬ್ಬನಿರಲಿಲ್ಲವಲ್ಲ!

ಮದುವೆಯಾದ ಮೇಲೆ ಈ ಉರಿಯೆಲ್ಲ ಹೆಂಡತಿ ಹರಿಣಿಯ ಸುತ್ತ ಸೇರಿಕೊಂಡಿತು. ಆಕೆ ಬೆಂಜ್ ಸರ್ಕಲ್ ಬಳಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ತೆಲುಗು ಬಾರದು. ತರಕಾರಿಯವಳು, ಆಟೋದವನು, ಮನೆಯ ಮಾಲೀಕರು, ಎಲ್ಲರೊಡನೆಯೂ ಚಂದ್ರಮೌಳಿಯೇ ಮಾತಾಡಬೇಕು. ಅದರಲ್ಲೇ ಅವನಿಗೆ ಸುಖ. ಅವಳು ತನ್ನೊಬ್ಬನನ್ನೇ ನೆಚ್ಚಿಕೊಂಡಿರಬೇಕು, ತಾನಿಲ್ಲದ ಕಡೆ ಅವಳಿಗೆ ಸಂತೋಷ ಸಿಗಬಾರದು. ಇಷ್ಟೇ ಅವನ ಆಸೆ.

ಅಂಥವನ ಹೆಂಡತಿಗೆ ಹಾಯಿದೋಣಿ ನಡೆಸುವುದನ್ನು ಕಲಿಯುವ ಹುಚ್ಚು ಹತ್ತಿತು. ವಿಶಾಖಪಟ್ಟಣದ ಕಡಲಲ್ಲಿ ಭಾನುವಾರದ ತರಬೇತಿ, ಕಲಿಸುವವರು ಸೂರ್ಯಪ್ರಕಾಶ ಎಂಬುವರು. ನೀರೆಂದರೆ ಚಂದ್ರಮೌಳಿಗೆ ಪ್ರಾಣಭಯ. ಇಂದ್ರಕೀಲಾದ್ರಿಯ ದೇವಿಯ ಗುಡಿಗೆ ಹೋದಾಗಲೂ ಅವನು ಕೃಷ್ಣೆಯ ಕೊನೆಯ ಮೆಟ್ಟಿಲಿಗೆ ಇಳಿದವನಲ್ಲ, ತಲೆಗೆ ನೀರು ಚಿಮುಕಿಸಿಕೊಂಡು ಬಂದವನು. ಜೊತೆಗೆ ಹೋಗುವಂತಿರಲಿಲ್ಲ, ಬೇಡವೆನ್ನಲು ಕಾರಣವೂ ಹೊಳೆಯಲಿಲ್ಲ. ಹೆಸರು ನೋಂದಾಯಿಸುವಾಗ ಅವಳ ಮೊಬೈಲ್ ನಂಬರಿನ ಬದಲು ತನ್ನದನ್ನು ಕೊಟ್ಟು ಸಮಾಧಾನ ಮಾಡಿಕೊಂಡ.

ಸೂರ್ಯಪ್ರಕಾಶರ ಫೋನು ಬಂದಾಗ ನಾನು ಪಕ್ಕದಲ್ಲೇ ಇದ್ದೆ. ಚಂದ್ರಮೌಳಿ "ಚೆಪ್ಪಂಡಿ, ಚೆಪ್ಪಂಡಿ", ಹೇಳಿ ಹೇಳಿ, ಎನ್ನುತ್ತಲೇ ಕೆಂಪಾದ. ಫೋನಿಟ್ಟು ನನ್ನ ಕಡೆ ತಿರುಗಿದ.

"ಉಂಗುರ ತೆಗದು ಬರ್ಬೇಕಂತ್ರೀ! ಹಗ್ಗಕ್ಕ ಸಿಗತಾವಂತ. ನಾ ಮದವ್ಯಾಗ ಹಾಕಿದ ಉಂಗುರ ಅದು. ಇವಗ್ಯಾಕ ಬೇಕು ಅದರ ಉಸಾಬರಿ?"

"ಬೇರೆ ಏನಂದ್ರು?"

"ಜೀನ್ಸ್ ಬ್ಯಾಡ, ತೊಯ್ದ್ರ ಭಾರ ಆಗತೈತಿ. ತುಂಬು ತೋಳಿನ ಅಂಗಿ, ದಾರ ಇರೋ ಟೋಪಿ, ಜಾರದಂಥ ಬೂಟು. ಮತ್ತ 'ಮಾರು ಬಟ್ಟಲು ರೆಂಡು ತೆಚ್ಚುಕೋಂಡಿ' ಅಂದ."

"ಬಟ್ಟಲು ಯಾಕೆ? ಊಟಕ್ಕಾ?"

ಅವನು ನನ್ನನ್ನು ಕನಿಕರದಿಂದ ನೋಡಿದ. "ಬಟ್ಟಲು ಅಂದ್ರ ತೆಲುಗಿನ್ಯಾಗ ಬಟ್ಟಿ. ಎರಡು ಮಾರು ಬಟ್ಟಿ ತರ್ಬೇಕು. ಹಾಯಿ ಕಟ್ಟಾಕ ಇರ್ಬೇಕು."

ಎರಡು ಕೈ ಚಾಚಿದರೆ ಒಂದು ಮಾರು ಎನ್ನುವುದು ನನಗೂ ಗೊತ್ತಿತ್ತು. ಹಗ್ಗವನ್ನು, ಬಾವಿಯ ಆಳವನ್ನು ಹಾಗೆ ಅಳೆಯುತ್ತಿದ್ದರಲ್ಲ. ಕಡಲಿನವರು ಬಟ್ಟೆಯನ್ನೂ ಹಾಗೇ ಅಳೆಯುತ್ತಾರೇನೋ ಎಂದುಕೊಂಡೆ. ಶನಿವಾರ ನನ್ನ ಬೈಕಿನಲ್ಲೇ ಇಬ್ಬರೂ ಮಂಗಳಗಿರಿಗೆ ಹೋದೆವು. ಅಲ್ಲಿ ಅಂಗಡಿಯವನ ಎದುರು ಚಂದ್ರಮೌಳಿ ತೋಳು ಚಾಚಿ ನಿಂತು, ನೀಲಿ ಕೈಮಗ್ಗದ ಹತ್ತಿ ಬಟ್ಟೆಯನ್ನು ಎರಡು ಸಲ ಅಳೆದು ಕತ್ತರಿಸಲು ಹೇಳಿದ.

ಅವತ್ತು ಸಂಜೆ, ರಾತ್ರಿಯ ರೈಲಿಗೆಂದು, ನನ್ನೆದುರೇ ಚೀಲ ತುಂಬಿದ್ದೂ ಅವನೇ. ಹರಿಣಿ ಮೆಲ್ಲಗೆ ತನ್ನ ಹಸಿರು ಚೂಡಿದಾರವನ್ನು ಚೀಲಕ್ಕೆ ಸೇರಿಸಿದಳು. ಅವನು ಅದನ್ನು ಹೊರಗೆಳೆದ.

"ಅಂವ ಹೇಳಿದ್ದಷ್ಟ ಒಯ್ಯಿ. ದೋಣಿ ಕಲಿಯಾಕ ಹೊಂಟೀಯೋ, ಚೆಂದ ಕಾಣಾಕ ಹೊಂಟೀಯೋ?"

"ಹಾಯಿಗೆ ಬಟ್ಟಿ ನಾವ ಒಯ್ಯಬೇಕೇನ್ರೀ?" ಎಂದಳು ಅವಳು.

"ನಿನಗ ತೆಲುಗು ಬರತೈತೇನು?"

ಅವಳು ಉಂಗುರ ತೆಗೆದು ಅವನ ಅಂಗೈಯಲ್ಲಿಟ್ಟಳು. ಅವನು ಅದನ್ನು ಕಿರುಬೆರಳಿಗೆ ತುರುಕಿಕೊಂಡ.

ಭಾನುವಾರ ಬೆಳಗ್ಗೆಯೇ ನಮ್ಮ ಮನೆಗೆ ಬಂದು ಕೂತ. ಹರಿಣಿ ಫೋನು ಎತ್ತುತ್ತಿರಲಿಲ್ಲ. ಉಂಗುರ ಅವನ ಬೆರಳಲ್ಲಿ ಸಿಕ್ಕಿಕೊಂಡು ಬರುತ್ತಿರಲಿಲ್ಲ, ಸೋಪು ಹಚ್ಚಿದರೂ ಜಗ್ಗಲಿಲ್ಲ. "ಈಗ ಅಂವ ಅಕಿಗೆ ಹಗ್ಗ ಹಿಡಿಯೋದು ಹೇಳಿಕೊಡಾಕತ್ತಿರತಾನ" ಎಂದು ಬೆರಳು ತಿರುಚುತ್ತಿದ್ದ. ಸ್ವಲ್ಪ ಹೊತ್ತಿಗೆ, "ಈಗ ನಗಾಕತ್ತಿರತಾಳ" ಎಂದ. ಎರಡನೆಯದನ್ನು ಹೇಳುವಾಗಲೇ ಅವನ ದನಿ ಹೆಚ್ಚು ಕೆಟ್ಟಿತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ರಾತ್ರಿ ಇಬ್ಬರೂ ಸ್ಟೇಷನ್ನಿಗೆ ಹೋದೆವು. ಹರಿಣಿ ರೈಲಿನಿಂದ ಇಳಿದಳು. ಮೂಗು, ಕೆನ್ನೆ ಬಿಸಿಲಿಗೆ ಕೆಂಪಾಗಿದ್ದವು. ಸೊಂಟಕ್ಕೆ ಮಂಗಳಗಿರಿಯ ನೀಲಿ ಬಟ್ಟೆಯನ್ನು ಲುಂಗಿಯಂತೆ ಸುತ್ತಿಕೊಂಡಿದ್ದಳು. ಮೇಲೆ ಮೊಣಕೈ ದಾಟಿದ ದೊಡ್ಡದೊಂದು ಹಳದಿ ಟೀಶರ್ಟು. ಚೀಲ ಎತ್ತಿಕೊಳ್ಳಲು ತಿರುಗಿದಾಗ ಬೆನ್ನ ಮೇಲೆ ತೆಲುಗಿನ ದಪ್ಪ ಅಕ್ಷರ ಕಂಡವು. ಮಾತು ಅರೆಬರೆ ತಿಳಿದರೂ ತೆಲುಗು ಅಕ್ಷರ ಓದಲು ಕನ್ನಡದವನಿಗೆ ಕಷ್ಟವೇನು? ಸೂರ್ಯಪ್ರಕಾಶ ಎಂದು ಚಂದ್ರಮೌಳಿ ಬಾಯಿಬಿಟ್ಟೇ ಓದಿದ.

"ದೋಣಿ ಮಗುಚಿತ್ರೀ!" ಎಂದು ಹರಿಣಿ ಪ್ಲಾಟ್‌ಫಾರ್ಮಿನಲ್ಲೇ ನಗತೊಡಗಿದಳು. "ಅಡಿಯಿಂದ ಮುಡಿತನಕ ತೊಯ್ದೆ. ಮಾರು ಬಟ್ಟಲು ಎಲ್ಲಿ ಅಂತ ಕೇಳಿದ್ರು, ಇದನ್ನ ಬಿಚ್ಚಿ ತೋರಿಸಿದೆ. ಮಾರು ಅಂದ್ರ ಬದಲಿ ಅಂತ್ರೀ! ತೊಯ್ದ ಮ್ಯಾಲ ಹಾಕ್ಕೊಳ್ಳೋ ಅರಿವಿ. ಎಲ್ಲಾರೂ ನಕ್ಕಿದ್ದ ನಕ್ಕಿದ್ದು. ಕಡೀಕ ಪಾಪ, ಸರ ತಮ್ಮ ಅಂಗಿ ಕೊಟ್ರು."

ಯಾವುದಕ್ಕೆ ಅವನು ಹೆಚ್ಚು ಉರಿದನೋ, ಅಂಗಿಗೋ ಆ ನಗುವಿಗೋ, ನನಗೆ ತಿಳಿಯಲಿಲ್ಲ. ಮದುವೆಯಾದಾಗಿನಿಂದ ಹರಿಣಿ ಅಷ್ಟು ನಕ್ಕಿದ್ದನ್ನು ನಾನಂತೂ ನೋಡಿರಲಿಲ್ಲ. ಅವನೂ ನೋಡಿರಲಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. ಊದಿದ ಕಿರುಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು ನಿಂತಿದ್ದ.

ಅವಳು ಆ ಕೈ ಬಿಡಿಸಿ ನೋಡಿದಳು. ನಗು ನಿಂತಿತು. ಬೆರಳನ್ನು ಮೆಲ್ಲಗೆ ನೀವುತ್ತಾ, "ಮುಂದಿನ ವಾರನೂ ಕಲಿಯೋದು ಐತ್ರೀ. ಚೀಲ ನಾನ ತುಂಬತೀನಿ. ನೀವೂ ಬರ್ರಿ, ನಿಮ್ಮ ಮಾರು ಬಟ್ಟಿನೂ ಹಾಕ್ಲೇನು?" ಎಂದಳು.

ಚಂದ್ರಮೌಳಿ ಅವಳ ಮುಖ ನೋಡಲಿಲ್ಲ. ಬಹಳ ಹೊತ್ತು ಆ ಹಳದಿ ಟೀಶರ್ಟನ್ನೇ ನೋಡಿದ.

"ಹಾಕು," ಎಂದ. "ನನ್ನ ಅಂಗಿ ಎರಡು ಹಾಕು. ತೊಯ್ದ್ರ ಒಂದು ನಿನಗ."