ಪಂಡಿತರ ಸೀನು ಮತ್ತು ಕಬ್ಬಿಣದ ರೋಲರು

ಪಂಡಿತರೇ, ಅಂದು ರೋಲರು ಉರುಳಿದ್ದು ನಿಮ್ಮ ಸೀನಿನಿಂದ ಅಲ್ಲ. ನನ್ನಿಂದ. ಇಷ್ಟನ್ನು ಹೇಳಲು ನನಗೆ ಇಡೀ ಆಯುಷ್ಯವೇ ಬೇಕಾಯಿತು — ಈಗ ಕೇಳಲು ನೀವಿಲ್ಲ.

ಐವತ್ತರ ದಶಕ. ಹುನಗುಂದದ ಕಡೆಯ ಒಂದು ಹೈಸ್ಕೂಲಿಗೆ ನಾನು ಹೊಸ ಡ್ರಿಲ್ ಮಾಸ್ತರನಾಗಿ ಬಂದಿದ್ದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನೀವು ಅಲ್ಲಿನ ಕನ್ನಡ ಪಂಡಿತರು — ಕಡ್ಡಿಯಂಥ ಮೈ, ಬಿಳಿ ಧೋತರ, ಸೊಂಟದಲ್ಲಿ ನಶ್ಯದ ಡಬ್ಬಿ. ನಮ್ಮ ಹೆಡ್ಮಾಸ್ತರರು ಪುಣೆಯಲ್ಲೆಲ್ಲೋ ಹಸಿರು ಲಾನ್ ನೋಡಿ ಬಂದವರು, ನಮ್ಮ ಎರೆಮಣ್ಣಿನಲ್ಲೂ ಅಂಥದ್ದೇ ಆಗಬೇಕೆಂದು ಹಟ ಹಿಡಿದರು. ಗರಿಕೆ ನೆಟ್ಟೆವು, ನೀರುಣಿಸಿದೆವು. ನೆಲ ಸಮ ಮಾಡಲು ಕಬ್ಬಿಣದ ರೋಲರು ಬಂತು. ಅದರ ಉಸ್ತುವಾರಿ ನನ್ನದು.

ನಿಯಮಗಳನ್ನು ಎಲ್ಲರಿಗೂ ಸಾರಿದವನೂ ನಾನೇ. ನೆಲ ಕೆಸರಾಗಿರಬಾರದು, ಒಣಗಿ ಬಿರಿದಿರಲೂಬಾರದು. ಇಳಿಜಾರಿನಲ್ಲಿ ರೋಲರಿನ ಮುಂದೆ ನಿಲ್ಲಬಾರದು. ನಿಲ್ಲಿಸಿದ ಕೂಡಲೇ ಅದು ಉರುಳದಂತೆ ಅಡಿಗೆ ಕಲ್ಲು ಕೊಡಬೇಕು. ಆ ದಿನ — ನನ್ನ ಚಪ್ಪಲಿಯ ಮೊಳೆ ಎದ್ದಿತ್ತು. ಬಡಿಯಲು ಕೈಗೆ ಸಿಕ್ಕಿದ್ದು, ಇಳಿಜಾರಿನ ಮೇಲೆ ನಿಲ್ಲಿಸಿದ್ದ ರೋಲರಿನ ಅಡಿಯ ಆ ಕಲ್ಲೇ. ಎಳೆದುಕೊಂಡೆ. ರೋಲರು ಅಲುಗಲಿಲ್ಲ, ನಾನೂ ನಿಶ್ಚಿಂತನಾಗಿ ಅಲ್ಲೇ ಕೂತು ಮೊಳೆ ಬಡಿಯತೊಡಗಿದೆ.

ನೀವು ಬಂದಿರಿ. ರೋಲರಿಗೆ ಬೆನ್ನು ಹಚ್ಚಿ ನಿಂತಿರಿ, ನಶ್ಯ ಏರಿಸಿದಿರಿ, ಸೀನಿದಿರಿ. ರೋಲರು ಹೊರಟಿತು.

ಇಳಿಜಾರಿನಗುಂಟ ಅದು ಕೆಳಗಿದ್ದ ಹೆಡ್ಮಾಸ್ತರರ ಮನೆಯಂಗಳಕ್ಕೆ ನುಗ್ಗಿ, ಒಣಹಾಕಿದ್ದ ಸಂಡಿಗೆಯ ಮೇಲೆ ಹಾದು, ತಾಮ್ರದ ಹಂಡೆಯನ್ನು ತಾಟಿನಂತೆ ಚಪ್ಪಟೆ ಮಾಡಿ ನಿಂತಿತು. ಸಂಡಿಗೆ ಕಾಯುತ್ತಿದ್ದ ಅವರ ಮುದಿ ತಾಯಿ ಆಗಷ್ಟೇ ನೀರು ಕುಡಿಯಲು ಒಳಗೆ ಹೋಗಿದ್ದರು. ಹೋಗಿರದಿದ್ದರೆ — ಈ ವಾಕ್ಯವನ್ನು ನಾನು ಇಂದಿಗೂ ಮುಗಿಸಲಾರೆ.

"ಹೆಂಗ ಉರುಳ್ತು ಇದು? ಯಾರ್ ಮಾಡಿದ್ದು?" ಹೆಡ್ಮಾಸ್ತರರು ಗುಡುಗಿದರು.

ಕಲ್ಲು ಇನ್ನೂ ನನ್ನ ಕೈಯಲ್ಲಿತ್ತು. ಬೆನ್ನ ಹಿಂದೆ ಸರಿಸಿದೆ.

"ಪಂಡಿತರು ಸೀನಿದ್ರು, ಸರ್."

ಸುಳ್ಳೇನಲ್ಲ — ಅದೇ ಅದರ ಹೊಲಸು.

ನೀವು ಮೂಗು ಮುಟ್ಟಿಕೊಂಡು, "ಖರೇ ಐತ್ರಿ. ತಪ್ಪು ನಂದು. ಇನ್ ಮ್ಯಾಲೆ ರೋಲರ್ ನಾನ ಎಳೀತೇನಿ" ಎಂದಿರಿ.

ಎಳೆದಿರಿ. ಆ ಹಂಗಾಮೆಲ್ಲ ಮುಂಜಾನೆ ಧೋತರ ಮೇಲಕ್ಕೆ ಕಟ್ಟಿ, ಏದುಸಿರು ಬಿಡುತ್ತ ಎಳೆದಿರಿ. ನಾನು ಬೇವಿನ ನೆರಳಲ್ಲಿ ನಿಂತು, "ಹಗೂರ್ಕ ಎಳೀರಿ, ತಿರುಗೋವಾಗ ಜಗ್ಗಬ್ಯಾಡ್ರಿ, ಹುಲ್ಲು ಕಿತ್ತು ಬರ್ತೈತಿ" ಎಂದು ಪಾಠ ಹೇಳುತ್ತಿದ್ದೆ. ಸೀನು ಬರುವ ಸೂಚನೆ ಕಂಡರೆ ಸಾಕು, ರೋಲರಿನ ಹಿಡಿಯನ್ನು ನನ್ನ ಕೈಗೆ ತುರುಕಿ, ಗೇಟಿನ ತನಕ ಓಡಿಹೋಗಿ ಸೀನಿ ಬರುತ್ತಿದ್ದಿರಿ. ಮಾಸ್ತರರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನಾನೂ — ಹೌದು, ನಾನೂ ನಕ್ಕೆ.

ಲಾನ್ ಜಮಖಾನೆಯ ಹಾಗೆ ಹಬ್ಬಿತು. ತಪಾಸಣೆಗೆ ಬಂದ ಸಾಹೇಬರು ಮೆಚ್ಚಿ ನನ್ನ ಬೆನ್ನು ತಟ್ಟಿದರು. ಮುಂದೆ ಕೆಲವೇ ದಿನಗಳಲ್ಲಿ ನನ್ನ ನೌಕರಿ ಕಾಯಂ ಆಯಿತು.

ಸುದ್ದಿ ಕೇಳಿ ಮೊದಲು ನನ್ನ ಕೋಣೆಗೆ ಬಂದವರು ನೀವೇ, ಫೇಡೆಯ ಪೊಟ್ಟಣ ಹಿಡಿದು. ಒಂದು ಫೇಡೆ ನನ್ನ ಬಾಯಿಗಿಟ್ಟು, ನನ್ನ ಎರಡೂ ಕೈ ಹಿಡಿದುಕೊಂಡಿರಿ.

"ಮಾಸ್ತರ, ಅಷ್ಟ ದೊಡ್ಡ ಅನಾಹುತ ಮಾಡಿದೆ ನಾ. ಬ್ಯಾರೆಯವರಾಗಿದ್ರ ದಿನಾ ಚುಚ್ಚತಿದ್ರು. ನೀವು ಒಂದ್ ಮಾತು ಅನಲಿಲ್ಲ. ಭಾಳ ದೊಡ್ಡ ಮನಸ್ರಿ ನಿಮ್ದು."

ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಬಾಯಲ್ಲಿ ಫೇಡೆ ಇತ್ತು — ಅದನ್ನು ನುಂಗಿದೆ.

"ಇರ್ಲಿ ಬಿಡ್ರಿ" ಎಂದೆ, ನಿಮ್ಮನ್ನು ಕ್ಷಮಿಸಿದವನ ದನಿಯಲ್ಲಿ.