ಸೆರಗಿನೊಳಗೆ ಮಾರಿದ ಗಿರಣಿ

ಅಜ್ಜಂಪುರದ ಹಿಟ್ಟಿನ ಗಿರಣಿಯನ್ನು ಹೇಗೆ ಮಾರಿದೆ ಎಂದು ನೀವು ಕೇಳಿದಾಗಲೆಲ್ಲ, ಮಕ್ಕಳೇ, "ನಿಮ್ಮ ದೊಡ್ಡಜ್ಜಿ ಮಾರಿದಳು" ಎಂದು ಹೇಳಿ ಜಾರಿಕೊಂಡಿದ್ದೇನೆ. ನಾಲ್ಕು ಜನರ ಮುಂದೆ ಕೂತು ಹೇಳುವುದು ನನಗೆ ಬರುವುದಿಲ್ಲ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಗಿರಣಿ ಇದ್ದದ್ದು ರೈಲ್ವೆ ಸ್ಟೇಷನ್ನಿನ ಕಡೆಗೆ ಹೋಗುವ ಒಂದು ಓಣಿಯಲ್ಲಿ. ನಿಮ್ಮ ತಾತ ಇರುವವರೆಗೆ ಅಲ್ಲಿ ರಾಗಿ ಬೀಸುವ ಸದ್ದು ನಿಂತಿರಲಿಲ್ಲ. ಅವರು ಹೋದ ಮೇಲೆ ಮಿಷನ್ನನ್ನು ಯಾರೋ ಬಂದು ಬಿಚ್ಚಿಕೊಂಡು ಹೋದರು. ನಾನು ಸಖರಾಯಪಟ್ಟಣಕ್ಕೆ, ನಿಮ್ಮ ಅಮ್ಮನ ಮನೆಗೆ ಬಂದುಬಿಟ್ಟೆ. ಬೀಗ ಹಾಕಿದ ಗಿರಣಿಯಲ್ಲಿ ಹಂಚು ಜಾರಿತು, ಜಾರಿದ ಕಡೆ ನೀರು ಇಳಿಯಿತು, ತೊಲೆಗೆ ಗೆದ್ದಲು ಹತ್ತಿತು. ಓಣಿಯ ಕಡೆಯ ಮಣ್ಣಿನ ಗೋಡೆ ಹೊಟ್ಟೆ ಬಿಟ್ಟು ಹೊರಗೆ ವಾಲಿಕೊಂಡಿತು.

ಆ ಓಣಿಯಲ್ಲೇ ಮಕ್ಕಳು ಶಾಲೆಗೆ ಹೋಗುವುದು. ಹೋಗಿಬರುವುದಷ್ಟೇ ಆಗಿದ್ದರೆ ಬೇರೆ ಮಾತು. ಮಧ್ಯಾಹ್ನ ಆ ಗೋಡೆಯ ನೆರಳು ಓಣಿಗೆ ಬೀಳುತ್ತಿತ್ತು, ಅದರ ಬುಡದಲ್ಲೇ ಕೂತು ಗೋಲಿ ಆಡುತ್ತಿದ್ದರು. ಗಾರೆ ಕೆಲಸದವನೊಬ್ಬನನ್ನು ಕರೆಸಿ ತೋರಿಸಿದಾಗ ಅವನು ಗೋಡೆಯನ್ನು ಮುಟ್ಟಲೂ ಇಲ್ಲ. "ಇನ್ನೊಂದು ಮಳೆಗಾಲ ತಡಿಯಲ್ಲ ಅಮ್ಮಾ. ಇದನ್ನ ರಿಪೇರಿ ಮಾಡೋಕಾಗಲ್ಲ. ಇದು ಹೋದ್ರೆ ಮೇಲಿನ ತೊಲೆ, ಹಂಚು ಎಲ್ಲಾ ಜೊತೆಗೇ ಬತ್ತವೆ" ಅಂದ. ಕೆಡವಿಸಬೇಕೆಂದರೆ ಇಡೀ ಕಟ್ಟಡವನ್ನೇ ಇಳಿಸಬೇಕು. ಆಳುಗಳ ಮುಂದೆ ನಿಂತು ಅದನ್ನೆಲ್ಲ ಮಾಡಿಸುವ ಧೈರ್ಯ ನನಗಿರಲಿಲ್ಲ. ಯಾರಾದರೂ ಕೊಂಡುಕೊಂಡು, ಮಳೆ ಹಿಡಿಯುವ ಮೊದಲು ಆ ಗೋಡೆ ಇಳಿಸಿದರೆ ಸಾಕು ಎನ್ನುವುದೊಂದೇ ನನ್ನ ಆಸೆಯಾಗಿತ್ತು.

ದಲ್ಲಾಳಿಗೆ ಹೇಳಿದೆವು. ಅವನು ಬಂದು ನೋಡಿ, "ಏನೂ ಚಿಂತೆ ಬೇಡ. ಒಳಗಡೆಯಿಂದ ಒಂದು ಕೈ ಸಿಮೆಂಟು, ಹೊರಗಡೆಯಿಂದ ಸುಣ್ಣ ಹೊಡೆಸಿಬಿಡಿ. ಬೇಸಿಗೇಲಿ ಯಾವನಿಗೂ ಗೊತ್ತಾಗಲ್ಲ" ಅಂದ.

ಆಗ ನನ್ನ ಪಕ್ಕದಲ್ಲಿ ನಿಮ್ಮ ದೊಡ್ಡಜ್ಜಿ ನಿಂತಿದ್ದಳು. ದೊಡ್ಡಜ್ಜಿ ಎಂದರೆ ತಾತನ ಅಕ್ಕ, ನನಗೆ ಅತ್ತಿಗೆ. ಈಗಲೂ ಅಜ್ಜಂಪುರದಲ್ಲೇ ಇದ್ದಾಳೆ. ಅವಳು ಚಿಕ್ಕಂದಿನಿಂದ ತಂದೆಯ ಜೊತೆ ದನದ ಸಂತೆಗೆ ಹೋದವಳು. ಮದುವೆಯಾದ ಮೇಲೂ ಆ ಮನೆಯ ಎತ್ತು, ಹಸು ಕೊಳ್ಳುವುದು, ಮಾರುವುದು ಎಲ್ಲ ಅವಳದೇ. ದನದ ಮೈಮೇಲೆ ಕೂದಲು ಸುತ್ತಿಕೊಂಡಿರುವ ಜಾಗಕ್ಕೆ ಸುಳಿ ಎನ್ನುತ್ತೇವೆ. ಎಲ್ಲಿ ಸುಳಿ ಇದ್ದರೆ ಒಳ್ಳೆಯದು, ಎಲ್ಲಿದ್ದರೆ ಕೆಟ್ಟದ್ದು ಎನ್ನುವ ನಂಬಿಕೆ ನಮ್ಮ ಕಡೆ ಬಲವಾಗಿದೆ. ಎತ್ತು ಮಾರುವಾಗ ಅವಳು ಕೆಟ್ಟ ಸುಳಿಯನ್ನು ತಾನೇ ಮೊದಲು ಬೆರಳಿಟ್ಟು ತೋರಿಸುತ್ತಿದ್ದಳು. ಒದೆಯುವುದಿದ್ದರೆ ಒದೆಯುತ್ತದೆ, ಹಾಯುವುದಿದ್ದರೆ ಹಾಯುತ್ತದೆ ಎಂದು ಸಂತೆಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ದಲ್ಲಾಳಿಯ ಮಾತಿಗೆ ಅವಳು ಸಿಟ್ಟಾಗಲಿಲ್ಲ. "ಏನಪ್ಪಾ, ಹಾಯೋ ಎತ್ತಿನ ಕೊಂಬಿಗೆ ಬಣ್ಣ ಬಳದ್ರೆ ಹಾಯೋದು ಬಿಡ್ತದಾ? ಸುಣ್ಣ ನೋಡಿ ಕೊಂಡೋನು ಗೋಡೆ ಗಟ್ಟಿ ಅಂತ ಹಂಗೇ ಬಿಡ್ತಾನೆ. ಆಮೇಲೆ ಯಾರ ತಲೆ ಮೇಲೆ ಬೀಳ್ತದೆ?" ಎಂದು ಕೇಳಿದಳು. ನಾನು ಮನಸ್ಸಿನಲ್ಲಿ ಹೇಳಲಾಗದೆ ಒದ್ದಾಡುತ್ತಿದ್ದುದನ್ನು ಅವಳು ಎಷ್ಟು ಸಲೀಸಾಗಿ ಹೇಳಿಬಿಟ್ಟಳು!

ಮೊದಲು ಬಂದವರು ತರೀಕೆರೆಯ ಗೊಬ್ಬರದ ವ್ಯಾಪಾರಿ. ಗೋದಾಮು ಮಾಡಬೇಕೆಂದು ಅವರ ಆಸೆ. ಅತ್ತಿಗೆ ಅವರನ್ನು ಗಿರಣಿಯ ಸುತ್ತ ನಡೆಸಿಕೊಂಡು ಹೋದಳು, ಎತ್ತಿನ ಸುತ್ತ ನಡೆಸುವ ಹಾಗೆಯೇ. "ಇಲ್ಲಿ ಗೆದ್ದಲು. ಇಲ್ಲಿ ಸೋರ್ತದೆ. ಇಲ್ಲಿ ನೆಲ ಕುಸ್ದಿದೆ. ಈ ಗೋಡೆ ಇವತ್ತೋ ನಾಳೆಯೋ ಬೀಳ್ತದೆ, ಕೊಂಡ್ರೆ ಮೊದ್ಲು ಇದನ್ನ ಕೆಡವಬೇಕು" ಎಂದಳು.

ವ್ಯಾಪಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ ಅಮ್ಮಾ, ಮಾರೋರು ಇಷ್ಟೆಲ್ಲಾ ಬಾಯ್ಬಿಟ್ಟು ಹೇಳ್ತಾರೆ ಅಂದ್ರೆ ಹೇಳದೇ ಇರೋದು ಇನ್ನೇನೋ ದೊಡ್ಡದೇ ಇರ್ಬೇಕು. ಕೋರ್ಟು ಕೇಸು ಗೀಸು ಏನಾದ್ರೂ ಉಂಟಾ?"

"ಖಾತೆ ಇವಳ ಹೆಸರಲ್ಲೇ ಇದೆ. ಬೇಕಾದ್ರೆ ಆಫೀಸಲ್ಲಿ ಕೇಳ್ರಿ."

"ಕೇಳಿಕೊಂಡು ಬತ್ತೀನಿ" ಎಂದು ಹೋದವರು ಬರಲಿಲ್ಲ. ದಲ್ಲಾಳಿ ಫೋನು ಮಾಡಿ, ಇನ್ನು ಈ ಅಮ್ಮನನ್ನು ಮುಂದೆ ಬಿಟ್ಟರೆ ತಾನು ಬರುವುದಿಲ್ಲ ಎಂದ. ಬೇಸಿಗೆ ಮುಗಿಯುತ್ತಾ ಬಂದಿತ್ತು. ಸಂಜೆ ಮೋಡ ಕಟ್ಟುವುದು, ಗುಡುಗುವುದು ಶುರುವಾಗಿತ್ತು. ಸಖರಾಯಪಟ್ಟಣದಲ್ಲಿ ಗುಡುಗಿದರೆ ನನ್ನ ಕಣ್ಣಿಗೆ ಆ ಓಣಿ ಕಾಣುತ್ತಿತ್ತು.

ಅಷ್ಟರಲ್ಲಿ ಅತ್ತಿಗೆಯ ಫೋನು. "ನಾಳೆ ಬಾರೇ. ಓಣಿಯೋಳೇ ಒಬ್ಬಳು ಕೇಳ್ತಿದ್ದಾಳೆ."

ಕಡೂರಿಗೆ ಹೋಗಿ, ಅಲ್ಲಿಂದ ಬೀರೂರಿನ ಮೇಲೆ ಅಜ್ಜಂಪುರ ಸೇರುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಕೇಳಿದವಳು ಗಿರಣಿಯ ಹಿಂಬದಿಯ ಮನೆಯವಳು. ಶಾವಿಗೆ ಒತ್ತಿ, ಒಣಗಿಸಿ, ಅಂಗಡಿಗಳಿಗೆ ಕೊಡುವ ಕೆಲಸ ಅವಳದು. ಇನ್ನೂ ನಲವತ್ತಾಗಿರಲಾರದು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಂದಳು.

ಅತ್ತಿಗೆ ಮತ್ತೆ ಮೊದಲಿನಿಂದ ಶುರು ಮಾಡಿದಳು. ಗೆದ್ದಲು, ಸೋರುವುದು, ನೆಲ, ಗೋಡೆ. ಶಾವಿಗೆಯವಳು ಎಲ್ಲಕ್ಕೂ ತಲೆಯಾಡಿಸಿ ಕೇಳಿದಳು. ಕೇಳಿ, "ಅಮ್ಮಾ, ಎರಡು ಸುಳಿ ಬಿಟ್ರಲ್ಲ" ಅಂದಳು.

"ಯಾವುದೇ?"

"ಮೇಲುಗಡೆ ಅರಳಿ ಗಿಡ ಹುಟ್ಟಿದೆ, ಅದರ ಬೇರು ಗೋಡೆ ಒಳಗೆ ಹೋಗಿದೆ. ಹಿತ್ತಿಲ ಕಡೆ ಹೆಗ್ಗಣ ಬಿಲ ತೋಡಿ ನಮ್ಮ ಬಚ್ಚಲಿಗೆ ದಾರಿ ಮಾಡ್ಕೊಂಡಿದೆ."

"ಅಯ್ಯೋ ನಿನ್ನ! ಕೊಳ್ಳೋಕೆ ಬಂದ್ಯೋ, ಬೈಯೋಕೆ ಬಂದ್ಯೋ?"

"ಎರಡಕ್ಕೂ ಕಣಮ್ಮಾ. ನಿಮ್ಮ ಗಿರಣಿ ನಮಗೆ ಬಿಸಿಲು ಬರದಂಗೆ ಅಡ್ಡ ನಿಂತಿದೆ. ಶಾವಿಗೆ ಒಣಗಲ್ಲ, ಬೂಷ್ಟು ಹಿಡೀತದೆ. ಗೋಡೆ ಗಟ್ಟಿ ಇದ್ದಿದ್ರೆ ನಾನು ಕೇಳ್ತಾನೇ ಇರ್ಲಿಲ್ಲ. ಬೀಳಂಗಿದೆ ಅಂತ್ಲೇ ಕೇಳ್ತಿರೋದು. ನನಗೆ ಬೇಕಾಗಿರೋದು ಜಾಗ ಮತ್ತೆ ಬಿಸಿಲು."

ಅತ್ತಿಗೆ ನಕ್ಕಳು, ಶಾವಿಗೆಯವಳೂ ನಕ್ಕಳು. ನಾವು ಇಷ್ಟು ದಿನ ಕೊರತೆ ಎಂದು ತೋರಿಸುತ್ತಾ ಬಂದದ್ದೇ ಇವಳಿಗೆ ಬೇಕಾಗಿತ್ತು.

ಬೆಲೆಯ ಮಾತು ಬಂತು. ಅಷ್ಟರಲ್ಲಿ ಓಣಿಯ ಜನ ಒಬ್ಬೊಬ್ಬರಾಗಿ ಬಂದು ನಿಂತಿದ್ದರು. ದಲ್ಲಾಳಿಯೂ ಸುದ್ದಿ ತಿಳಿದು ಬಂದಿದ್ದ. ಅತ್ತಿಗೆ ನನ್ನ ಕಡೆ ತಿರುಗಿ, "ಮಾಲೀಕಳು ನೀನು. ನೀನೇ ಆಡು" ಅಂದಳು.

"ಅತ್ತಿಗೆ, ನನಗೆ ಬರಲ್ಲ" ಎಂದೆ.

"ಬಾಯಿ ಯಾಕೆ ಬೇಕು? ಕೈ ಇಲ್ವಾ?"

ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಮಕ್ಕಳೇ. ಮಾರುವವನೂ ಕೊಳ್ಳುವವನೂ ಟವೆಲಿನ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು ಬೆರಳಿನಲ್ಲೇ ಚೌಕಾಸಿ ಮಾಡುತ್ತಾರೆ; ಬೆರಳು ಸೇರಿಸಿದರೆ ಬೆಲೆ ಏರಿತು, ಮಡಿಚಿದರೆ ಇಳಿಯಿತು. ಸುತ್ತ ಎಷ್ಟು ಜನ ನಿಂತಿದ್ದರೂ ಬೆಲೆ ಗೊತ್ತಾಗುವುದು ಆ ಇಬ್ಬರಿಗೇ. ಅದು ಗಂಡಸರ ಪದ್ಧತಿ. ಅತ್ತಿಗೆ ಮಾತ್ರ ಅದನ್ನು ಸೆರಗಿನ ಕೆಳಗೆ ಮಾಡುತ್ತಿದ್ದಳು. ಈಗ ಅವಳು ತನ್ನ ಸೆರಗನ್ನೇ ಎಳೆದು ನನ್ನ ಕೈ ಮೇಲೂ ಶಾವಿಗೆಯವಳ ಕೈ ಮೇಲೂ ಹೊದಿಸಿದಳು.

"ಇದೇನ್ರೀ, ಗಿರಣೀನ ಎತ್ತು ಮಾಡಿಬಿಟ್ರಾ?" ಎಂದ ದಲ್ಲಾಳಿ.

"ಸುಮ್ನೆ ನಿಂತ್ಕೊಳ್ಳೋ. ಕಮಿಷನ್ನು ಬೇಕೋ ಬೇಡ್ವೋ?" ಎಂದಳು ಅತ್ತಿಗೆ.

ಹಿಟ್ಟು ಮೆತ್ತಿದ ಆ ಕೈ ಒರಟಾಗಿತ್ತು, ಬೆಚ್ಚಗಿತ್ತು. ಅವಳು ನನ್ನ ಬೆರಳು ಹಿಡಿದಳು. ನಾನು ಸಾಲದು ಎಂದು ಇನ್ನೊಂದು ಬೆರಳು ಸೇರಿಸಿದೆ. ಅವಳು ಅರ್ಧ ಮಡಿಚಿದಳು. ನಾನು ಬಿಡಿಸಿದೆ. ನನ್ನ ಮುಖವನ್ನು ಯಾರು ಬೇಕಾದರೂ ನೋಡಲಿ, ಕೈ ಯಾರಿಗೂ ಕಾಣದು ಎನ್ನುವುದೇ ಒಂದು ಧೈರ್ಯವಾಯಿತು. ಹುಟ್ಟಿದ ಮೇಲೆ ನಾನು ಅಷ್ಟು ಗಟ್ಟಿಯಾಗಿ ಚೌಕಾಸಿ ಮಾಡಿದ್ದು ಅದೇ ಮೊದಲು. ಇಬ್ಬರ ಬೆರಳೂ ಒಂದು ಕಡೆ ನಿಂತವು.

ಆದರೆ ನನಗೆ ಬೇಕಾಗಿದ್ದ ಮುಖ್ಯ ಮಾತಿಗೆ ಬೆರಳಿನಲ್ಲಿ ಗುರುತಿರಲಿಲ್ಲ. ಅದನ್ನು ಬಾಯಲ್ಲೇ ಹೇಳಬೇಕಾಯಿತು. "ಮಳೆ ಹಿಡಿಯೋ ಮುಂಚೆ ಗೋಡೆ ಇಳಿಸಬೇಕು" ಎಂದೆ. ಎಲ್ಲರಿಗೂ ಕೇಳಿಸುವಷ್ಟು ಜೋರಾಗಿಯೇ ಬಂತು ಮಾತು.

ಶಾವಿಗೆಯವಳು ನನ್ನನ್ನೇ ನೋಡಿದಳು. ಸೆರಗಿನ ಕೆಳಗೆ ನನ್ನ ಒಂದು ಬೆರಳನ್ನು ಅರ್ಧ ಮಡಿಚಿದಳು. ಕೆಡವುವ ಕೂಲಿಗೆಂದು ಇಳಿಸಿದ ಬೆಲೆ ಅದು. ನಾನು ಅದನ್ನು ಬಿಡಿಸಲಿಲ್ಲ.

"ಆಯ್ತಕ್ಕಾ. ನಾಳೇನೇ ಶುರು" ಎಂದಳು ಅವಳು.

ದಲ್ಲಾಳಿ ಹೌಹಾರಿದ. "ನಾಳೆ ಅಂದ್ರೆ? ಪತ್ರ ರಿಜಿಸ್ಟರ್ ಆಗದೆ ಗೋಡೆ ಮುಟ್ತಾರೇನ್ರೀ? ಕೆಡವಿದ ಮೇಲೆ ಇವಳು ಬೇಡ ಅಂದ್ರೆ ನಿಮಗೆ ಗಿರಣಿ ಇಲ್ಲ. ನೀವು ಕೊಡಲ್ಲ ಅಂದ್ರೆ ಇವಳ ಕೂಲಿ ಹೋಯ್ತು!"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಪತ್ರಕ್ಕೆ ಇನ್ನೂ ದಿನ ಹಿಡಿಯುತ್ತಿತ್ತು. ಆದರೆ ಮೋಡ ಪತ್ರಕ್ಕೆ ಕಾಯುತ್ತದೆಯೇ? ಶಾವಿಗೆಯವಳು ಅವನಿಗೆ, "ಅಣ್ಣಾ, ನನ್ನ ಮಗಳೂ ಈ ಗೋಡೆ ಬುಡದಲ್ಲೇ ಆಡ್ತಾಳೆ" ಅಂದಳು. ನಾನು ಸೊಂಟದಲ್ಲಿದ್ದ ಬೀಗದ ಕೈ ತೆಗೆದು ಅವಳ ಕೈಗೆ ಕೊಟ್ಟೆ.

ಮರುದಿನ ಅವಳು ಓಣಿಯ ಎರಡೂ ಬಾಯಿಗೆ ಹಗ್ಗ ಕಟ್ಟಿಸಿ, ಮಕ್ಕಳನ್ನು ಬೇರೆ ದಾರಿಗೆ ಕಳಿಸಿ, ಹಂಚು ಇಳಿಸುವುದಕ್ಕೆ ನಿಂತಳು. ಅವಳ ಗಂಡ, ಗಂಡನ ತಮ್ಮ, ಇಬ್ಬರು ಆಳು. ಒಡೆಯದ ಹಂಚನ್ನು ಬೇರೆ ಜೋಡಿಸಿಟ್ಟರು. ತೊಲೆ ಇಳಿಸಿದರು. ಕೊನೆಗೆ ಗೋಡೆಯನ್ನು ಮೇಲಿನಿಂದ ಸ್ವಲ್ಪ ಸ್ವಲ್ಪವಾಗಿ ಒಳಮುಖಕ್ಕೇ ಕೆಡವಿದರು, ಓಣಿಗೆ ಒಂದು ಹೆಂಟೆಯೂ ಬೀಳದ ಹಾಗೆ. ಅತ್ತಿಗೆ ಎದುರು ಜಗಲಿಯ ಮೇಲೆ ಕೂತು ಪೂರ್ತಿ ಮುಗಿಯುವವರೆಗೂ ಎಲ್ಲರಿಗೂ ಬುದ್ಧಿ ಹೇಳುತ್ತಲೇ ಇದ್ದಳಂತೆ. ಯಾರೂ ಕೇಳಲಿಲ್ಲವಂತೆ.

ನಾನು ಸಖರಾಯಪಟ್ಟಣಕ್ಕೆ ವಾಪಸು ಬಂದಿದ್ದೆ. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತಿಗೆಯ ಫೋನು ಬಂತು. ಹಿಂದೆ ಏನೋ ದಬದಬ ಸದ್ದು, ಅವಳ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ.

"ಏನತ್ತಿಗೆ ಅದು? ಏನ್ ಬಿತ್ತು?" ಎಂದೆ.

"ಏನೂ ಬಿದ್ದಿಲ್ಲ ಕಣೇ. ಮಳೆ. ಎಂಥಾ ಮಳೆ ಅಂತೀಯಾ! ಹುಡುಗ್ರು ಓಣೀಲಿ ಕುಣೀತಿದ್ದಾವೆ, ಎಷ್ಟು ಬೈದ್ರೂ ಒಳಗೆ ಹೋಗವಲ್ಲವು."