ಅಮಾವಾಸ್ಯೆಯ ದಿನ ಹೊತ್ತಿದ ಭಟ್ಟಿ

ಹಿತ್ತಲಲ್ಲಿ ಒಣಹಾಕಿದ ನನ್ನ ಬಿಳಿ ದುಪಟ್ಟಾದ ಮೇಲೆ ಸಾಸಿವೆ ಕಾಳಿನಷ್ಟು ಮಸಿಯ ಚುಕ್ಕೆಗಳು ಹನ್ನೊಂದು ಇದ್ದವು. ಕೈಯಿಂದ ಒರೆಸಿದರೆ ಹರಡುತ್ತವೆ, ಬಾಯಿಂದ ಊದಿದರೆ ಹಾರಿಹೋಗುತ್ತವೆ. ಹರಪನಹಳ್ಳಿಯ ನಮ್ಮ ಓಣಿಯಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತಿತ್ತು. ಮಸಿ ಬರುತ್ತಿದ್ದುದು ದೊಡ್ಡವ್ವನ ಮಂಡಕ್ಕಿ ಭಟ್ಟಿಯಿಂದ.

ದೊಡ್ಡವ್ವ ಎಂದರೆ ಅವ್ವನ ಅಕ್ಕ. ದೊಡ್ಡಪ್ಪ ತೀರಿಕೊಂಡ ಮೇಲೆ ಭಟ್ಟಿಯನ್ನು ಅವಳೇ ನಡೆಸುತ್ತಿದ್ದಳು. ಹೈಸ್ಕೂಲಿಗೆಂದು ಬಂದ ನಾನು ಅವಳ ಮನೆಯಲ್ಲೇ ಉಳಿದುಬಿಟ್ಟಿದ್ದೆ. ಕಾದ ಮರಳಿಗೆ ಅಕ್ಕಿ ಸುರಿದು, ಅರಳಿದ ಕೂಡಲೇ ಜರಡಿ ಹಿಡಿಯಬೇಕು. ಅದಕ್ಕೆ ಜೋರು ಬೆಂಕಿ ಬೇಕು. ಭತ್ತದ ಹೊಟ್ಟಾದರೆ ಒಬ್ಬರು ಕೂತು ಹಾಕುತ್ತಲೇ ಇರಬೇಕಾಗುತ್ತದೆ. ಹಳೆಯ ಲಾರಿ ಟೈರಿನ ಒಂದು ತುಂಡು ತಾನಾಗಿ ಉರಿಯುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಪರಿಸರ ವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದಾಗ, ಟೈರು ಸುಡುವುದನ್ನು ನಿಲ್ಲಿಸದಿದ್ದರೆ ಭಟ್ಟಿ ಮುಚ್ಚಿಸುತ್ತೇವೆಂದು ಸರ್ಕಾರದ ನೋಟಿಸು ಬಂತು. ರಜೆಗೆ ಬಂದಿದ್ದ ನಾನೇ ಅದನ್ನು ಓದಿ ಹೇಳಿದೆ.

“ಅಂದ್ರ ಯುನಿವರ್ಸಿಟ್ಯಾಗ ನಿಂಗ ಕಲಿಸೋದು ಇದನ್ನೇನವ್ವ? ದೊಡ್ಡವ್ವನ ಒಲಿಗೆ ನೀರು ಹಾಕೋದು?”

“ಟೈರಿನ ಹೊಗಿ ಎದಿಗೆ ಕೆಟ್ಟದ್ದು, ದೊಡ್ಡವ್ವ.”

“ಗೊತ್ತೈತಿ ಬಿಡು. ಕೆಮ್ಮೋದು ನಾನು, ಪರೀಕ್ಷೆ ಬರಿಯೋದು ನೀನು.”

ಪರಿಶೀಲನೆಗೆ ಅಧಿಕಾರಿ ಬಂದದ್ದು ಅಮಾವಾಸ್ಯೆಯ ದಿನ. ಅವತ್ತು ನಮ್ಮಲ್ಲಿ ಭಟ್ಟಿ ಹೊತ್ತಿಸುವುದಿಲ್ಲ. ಒಲೆ ಸಾರಿಸಿ, ಬಾಣಲೆಗೆ ವಿಭೂತಿ ಹಚ್ಚಿ, ಕಾಯಿ ಒಡೆದು ಬಿಟ್ಟುಬಿಡುತ್ತೇವೆ. ಟೈರಿನ ತುಂಡುಗಳು ಗೋಣಿಚೀಲದ ಕೆಳಗಿದ್ದವು. ಅಧಿಕಾರಿ ತಣ್ಣಗಿನ ಒಲೆಯನ್ನು ನೋಡಿ ಪೆನ್ನು ತೆಗೆದರು. ಬೆಂಕಿ ಇರಲಿಲ್ಲ ಎಂದು ಬರೆದುಕೊಂಡು ಹೋಗಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಓದಿದ್ದೆಲ್ಲ ಆಗ ಮರೆತಿತ್ತು ಎಂದರೆ ಸುಳ್ಳಾದೀತು. ನೆನಪಿತ್ತು, ಆದರೂ ಬೇಡಿಕೊಂಡೆ. ಚಹಾ ಮಾಡಲು ಒಳಗೆ ಹೋದೆ.

ಲೋಟ ಹಿಡಿದು ಹೊರಬರುವಷ್ಟರಲ್ಲಿ ಚಿಮಣಿಯಿಂದ ಕರಿ ಹೊಗೆ ಏಳುತ್ತಿತ್ತು. ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಮರಳು ತಿರುವುತ್ತಿದ್ದಳು. ಬೇಗ ಕಾಯಲೆಂದು ಟೈರನ್ನೇ ಹಾಕಿದ್ದಳು.

“ಭಟ್ಟಿಗೆ ಬಂದವ್ರು ಬಿಸಿ ಮಂಡಕ್ಕಿ ತಿನ್ನದ ಹೋಗ್ತಾರೇನ್ರಿ? ಕುಂದರ್ರಿ ಸಾಹೇಬ್ರ. ಅಮಾಸಿ ಬಗ್ಗಿ ನಾ ದೇವ್ರಿಗೆ ಹೇಳ್ಕೊಂತೀನಿ.”

ಅಧಿಕಾರಿ ಕೆಮ್ಮುತ್ತ ಕರವಸ್ತ್ರ ಹುಡುಕಿದರು. “ಅಮ್ಮಾ, ನಾ ಬಂದಿದ್ದ ಈ ಹೊಗಿ ನೋಡಾಕ್ರಿ.”

“ನೋಡಿದ್ರಲ್ರಿ? ಇನ್ನ ಮಂಡಕ್ಕಿ ನೋಡ್ರಿ.”

ಅವರು ಜೋರಾಗಿ ನಕ್ಕುಬಿಟ್ಟರು. ಶೇಂಗಾ, ಹಸಿಮೆಣಸಿನಕಾಯಿ ಜೊತೆ ತಟ್ಟೆಯನ್ನು ಪೂರ್ತಿ ಖಾಲಿ ಮಾಡಿದರು. ಬರೆಯುವುದನ್ನು ಮಾತ್ರ ಬಿಡಲಿಲ್ಲ. ಹದಿನೈದು ದಿನದೊಳಗೆ ಒಲೆ ಹೊಟ್ಟಿಗೆ ಬದಲಾಗಬೇಕು, ಇಲ್ಲದಿದ್ದರೆ ಬಾಗಿಲಿಗೆ ಸೀಲು. ದೊಡ್ಡವ್ವ ಕಟ್ಟಿಕೊಟ್ಟ ಪೊಟ್ಟಣವನ್ನು ತೆಗೆದುಕೊಳ್ಳದೆ, ಅದಕ್ಕೇ ಕೈಮುಗಿದು ಹೋದರು.

“ಸುಮ್ನಿದ್ದಿದ್ರ ಏನೂ ಬರೀತಿರ್ಲಿಲ್ಲ,” ಎಂದೆ. ನನ್ನ ದನಿ ಏರಿತ್ತು.

“ಹೌದು. ಮನಿಗೆ ಬಂದ ಮನುಷ್ಯಾ ಬರೀ ಹೊಟ್ಟೀಲೆ ಹೋಗ್ತಿದ್ದ,” ಎಂದು ಉರಿಯುವ ತುಂಡನ್ನು ಕಬ್ಬಿಣದ ಕೋಲಿನಿಂದ ಹೊರಗೆಳೆದು ನೀರು ಹಾಕಿದಳು. ಅದು ಚುಸ್ ಎಂದಿತು. ಕೋಲನ್ನು ಗೋಡೆಗೆ ಒರಗಿಸಿದಳು. “ಹೊಟ್ಟು ಹಾಕಾಕ ನಂದೇನೂ ತಕರಾರಿಲ್ಲ. ಕೊಡಾಕ ಯಾರದಾರ? ಮಿಲ್ಲಿನವ್ರು ಎಲ್ಲಾ ಇಟ್ಟಿಗಿಯವ್ರಿಗೆ ಕೊಡ್ತಾರ. ನಾ ಎಲ್ಡು ಸಲ ಹೋಗಿ ಬಂದೀನಿ.”

ಆ ಎರಡು ಸಲದ ವಿಷಯ ನನಗೆ ಗೊತ್ತೇ ಇರಲಿಲ್ಲ. ನೋಟಿಸನ್ನು ಓದಿ ಹೇಳಿ ನಾನು ನನ್ನ ಪುಸ್ತಕಕ್ಕೆ ಮರಳಿದ್ದೆ. ಅವಳು ಒಬ್ಬಳೇ ಹೋಗಿ ಕೇಳಿ, ಬರಿಗೈಯಲ್ಲಿ ಬಂದು, ನನಗೆ ಊಟಕ್ಕೆ ಬಡಿಸಿದ್ದಳು.

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ನಾನು ಹಡಗಲಿ ರಸ್ತೆಯ ರೈಸ್ ಮಿಲ್ಲಿಗೆ ನಡೆದೆ. ಬಾಗಿಲು ಇನ್ನೂ ತೆರೆದಿರಲಿಲ್ಲ. ಕಟ್ಟೆಯ ಮೇಲೆ ಕೂತೆ. ಮಾಲೀಕರು ಸ್ಕೂಟರಿನಿಂದ ಇಳಿಯುತ್ತಲೇ ಎದ್ದು ನಿಂತು, “ನಮಗೂ ಹೊಟ್ಟು ಬೇಕ್ರಿ,” ಎಂದೆ. ಅವರಿಗೆ ಕೇಳಿಸಲಿಲ್ಲ. ಹತ್ತಿರ ಹೋಗಿ ಇನ್ನೊಮ್ಮೆ ಹೇಳಿದೆ.